ಒಳಗೆ ಆಡಿದ ಮಾತು

ಕನ್ನಡಿಯ ಮುಂದೆ ನಿಂತು ಜಯದೇವಪ್ಪ ತನ್ನ ಮುಖವನ್ನು ಸುಮ್ಮನಿರಿಸಲು ನೋಡುತ್ತಿದ್ದ. ಒಂದು ಕೆನ್ನೆಯ ಮೇಲೆ ಇನ್ನೂ ಸೋಪಿನ ನೊರೆ ಇತ್ತು. ಹುಬ್ಬು ಮೇಲೇರಬಾರದು, ತುಟಿ ಬಿಗಿಯಬಾರದು, ಎದುರಿನವರು ಮಾತು ಮುಗಿಸಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ತಡೆದು ಆಮೇಲೆ ಬಾಯಿ ತೆರೆಯಬೇಕು. ಚನ್ನಗಿರಿಯ ಬೆಳೆಗಾರರ ಮಾರಾಟ ಸಂಘದ ಮ್ಯಾನೇಜರ್ ಆಗಿ ಇಷ್ಟು ವರ್ಷ ಜನರ ಮಾತು ಕೇಳಿಕೊಂಡೇ ಬಂದಿದ್ದೇನೆ ಎಂದುಕೊಂಡಿದ್ದವನಿಗೆ, ಹೋದ ಬೇಸಿಗೆಯಲ್ಲಿ ಸಂಘಕ್ಕೆ ತರಬೇತಿ ಕೊಡಲು ಬಂದ ತಿಪ್ಪೇಶಪ್ಪನವರು, ‘ನೀವು ಕೇಳೋದಿಲ್ಲ ಜಯದೇವಪ್ಪ, ನಿಮ್ಮ ಸರದಿ ಯಾವಾಗ ಬರ್ತದೆ ಅಂತ ಕಾಯ್ತೀರಿ’ ಎಂದಿದ್ದರು. ಆ ಮಾತಿನಿಂದ ಅವನಿಗೆ ಊಟ ರುಚಿಸದೆ ಹೋಗಿತ್ತು. ಆಮೇಲೊಂದು ಸಂಜೆ ಹೆಂಡತಿ ರುದ್ರಾಣಿ ತನ್ನ ತಂಗಿಯ ಸೀಮಂತದ ಸುದ್ದಿ ಎತ್ತಿದಾಗ, ಕಲಿತ ಹಾಗೆಯೇ ಕೈಕಟ್ಟದೆ, ಕತ್ತು ಕೊಂಚ ವಾಲಿಸಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದ. ಅವಳು ಮಾತನ್ನು ಅರ್ಧಕ್ಕೇ ಬಿಟ್ಟು, ‘ಯಾಕ್ರಿ ಹಿಂಗೆ ನೋಡ್ತೀರಿ? ಮೈಯಾಗೆ ಹುಷಾರೈತೆ ತಾನೆ?’ ಎಂದು ಹಣೆ ಮುಟ್ಟಿ ನೋಡಿದ್ದಳು. ಈಗ ಅದೇ ರುದ್ರಾಣಿ ಒಳಗಿನಿಂದ, ‘ಜೀಪು ಬಂದೈತೆ, ತಿಪ್ಪೇಶಪ್ಪನೋರು ಆಗ್ಲೇ ಕುಂತಾರೆ’ ಎಂದು ಕೂಗಿದಳು. ಬ್ಲೇಡು ಜಾರಿ ಗಲ್ಲ ಸೀಳಿತು. ಇವತ್ತು ನ್ಯಾಮತಿಗೆ ಹೋಗಿ, ದ್ಯಾಮಮ್ಮನೆಂಬ ಮುದುಕಿಯ ಎದುರು ಕೂತು, ನಿನ್ನ ಮಗಳು ದುರುಗಮ್ಮ ಗೋದಾಮಿನಲ್ಲಿ ಅಡಿಕೆ ಚೀಲ ಉರುಳಿ ಸತ್ತಾಗ ಮಲಗಿರಲಿಲ್ಲ, ಕೆಲಸ ಮಾಡುತ್ತಿದ್ದಳು, ಚೀಲಗಳನ್ನು ಗೋಡೆಯ ಕೆಂಪು ಗೆರೆ ಮೀರಿ ಒಟ್ಟಿಸಿದವನು ನಾನು ಎಂದು ಹೇಳಬೇಕಾಗಿತ್ತು. ಹೇಳುತ್ತೇನೆಂದು ಅವನೇ ಒಪ್ಪಿಕೊಂಡಿದ್ದ. ಎಲ್ಲರ ಎದುರು, ಅಳುತ್ತ. ಅದೇ ಸಂಜೆ, ಹೇಳುವುದಿಲ್ಲವೆಂದೂ ಒಪ್ಪಿಕೊಂಡಿದ್ದ. ಆ ಎರಡನೆಯ ಒಪ್ಪಿಗೆಗೆ ಮಾತೇ ಬೇಕಾಗಿರಲಿಲ್ಲ.

ಜೀಪಿನಲ್ಲಿ ತಿಪ್ಪೇಶಪ್ಪನವರು ಹಿಂದಿನ ಸೀಟಿನ ಮೂಲೆಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಂಘದಲ್ಲಿ ಅವರ ಕೆಲಸ ಮುಗಿದಿತ್ತು. ಹೊನ್ನಾಳಿಯಲ್ಲಿ ಇಳಿದು ಬಸ್ಸು ಹಿಡಿದು ಜಗಳೂರಿಗೆ, ತಮ್ಮ ಊರಿಗೆ, ಹೋಗುವವರಿದ್ದರು. ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ಬಹಳ ವರ್ಷ ಸಿಬ್ಬಂದಿ ಅಧಿಕಾರಿಯಾಗಿದ್ದು, ಅಲ್ಲಿಯೇ ಯಾರೋ ಪಂಡಿತರಿಂದ ಜನರ ಬಾಯಿ ಬಿಡಿಸುವ ಈ ವಿದ್ಯೆ ಕಲಿತು ಬಂದವರು ಅವರು. ಎಂಬತ್ತೆರಡರ ಬೇಸಿಗೆಯಲ್ಲಿ ಮೇಲಿನ ಒಕ್ಕೂಟದವರು ಅವರನ್ನು ಸಂಘದ ದೊಡ್ಡವರಿಗೆ ತರಬೇತಿ ಕೊಡಲು ಕಳಿಸಿದಾಗ, ಲೆಕ್ಕ ಬರೆಯುವುದನ್ನು ಹೇಳಿಕೊಡುತ್ತಾರೆಂದು ಎಲ್ಲರೂ ಪೆನ್ನಿಗೆ ಶಾಯಿ ತುಂಬಿಸಿಕೊಂಡು ಬಂದಿದ್ದರು. ತಿಪ್ಪೇಶಪ್ಪನವರು ಬೋರ್ಡು ಕೇಳಲಿಲ್ಲ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೇಳಿದರು. ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಕೈಕೆಳಗಿನವರು ನಿಮಗೆ ಹೇಳದೆ ನುಂಗಿಕೊಂಡದ್ದು ಏನಿರಬಹುದು? ನೀವು ಕೋಣೆಯೊಳಗೆ ಬಂದಾಗ ನಗು ಯಾಕೆ ನಿಲ್ಲುತ್ತದೆ? ನಿಮಗೆ ಯಾರ ಹೆದರಿಕೆ? ಜನ ಮೊದಲು, ಸರಕು ಆಮೇಲೆ ಎಂಬುದು ಅವರು ಹೇಳುತ್ತಿದ್ದ ಒಂದೇ ಒಂದು ಉಪದೇಶ. ಖರೀದಿ ನೋಡಿಕೊಳ್ಳುವ ಕೊಟ್ರಬಸಪ್ಪ ಮೊದಲ ವಾರ, ‘ಇದೇನ್ರಿ, ಡಾಕ್ಟ್ರ ಮುಂದೆ ನಾಲಿಗೆ ಚಾಚಿದಂಗೆ ಆತಲ್ಲ’ ಎಂದು ನಗಾಡಿದ್ದ. ಮುಂದೊಂದು ವಾರ ಅದೇ ಕೋಣೆಯಿಂದ ಮೂಗು ಒರೆಸಿಕೊಳ್ಳುತ್ತ ಹೊರಬಂದು, ಸೀದಾ ಹೋಗಿ ನಲ್ಲಿಯ ಕೆಳಗೆ ತಲೆ ಕೊಟ್ಟಿದ್ದ. ಜಯದೇವಪ್ಪನಿಗೆ ಅವತ್ತು ಹೊಟ್ಟೆಕಿಚ್ಚಾಗಿತ್ತು. ತನಗಿನ್ನೂ ಅಳು ಬಂದಿರಲಿಲ್ಲ. ಶಾಲೆಯಲ್ಲಿ ಪಾಠ ಒಪ್ಪಿಸಲು ಬಾರದೆ ನಿಂತ ಹುಡುಗನ ಅವಮಾನ ಅವನಿಗೆ ಈ ವಯಸ್ಸಿನಲ್ಲಿ ಮತ್ತೆ ಆಯಿತು.

ಊರು ದಾಟಿದ ಮೇಲೆ ರಸ್ತೆಯ ಪಕ್ಕ ಯಾರೋ ಹೆಂಗಸು ತಲೆಯ ಮೇಲೆ ಖಾಲಿ ಗೋಣಿಚೀಲಗಳ ಕಟ್ಟು ಹೊತ್ತು ಹೋಗುತ್ತಿದ್ದಳು. ಜೀಪು ಹತ್ತಿರವಾದಾಗ ಅವಳು ಸರಿದು ನಿಂತಳು. ಮುಖ ಕಾಣಲಿಲ್ಲ. ದುರುಗಮ್ಮನ ಮುಖವೂ ಅವನಿಗೆ ನೆನಪಿಲ್ಲ, ಅದೇ ಅವನನ್ನು ಕಾಡುತ್ತಿತ್ತು. ನ್ಯಾಮತಿಯ ಗೋದಾಮಿಗೆ ಹೋದಾಗಲೆಲ್ಲ ಚೀಲದ ಬಾಯಿ ಹೊಲಿಯುವ ಹೆಂಗಸರು ಸಾಲಾಗಿ ಕೂತಿರುತ್ತಿದ್ದರು. ದಬ್ಬಳ ಚುಚ್ಚಿ ಎಳೆಯುವಾಗ ಎಲ್ಲರ ಮೊಣಕೈಯೂ ಒಟ್ಟಿಗೆ ಹಿಂದಕ್ಕೆ ಹೋಗುತ್ತಿತ್ತು. ಅವುಗಳಲ್ಲಿ ಒಂದು ಮೊಣಕೈ ಅವಳದು. ಹೆಣ ನೋಡಲು ಹೋದಾಗ ಚೀಲಗಳನ್ನು ಸರಿಸಿ ಆಗಿತ್ತು, ಮುಖಕ್ಕೆ ಬಟ್ಟೆ ಮುಚ್ಚಿತ್ತು, ಬಲಗೈ ಮಾತ್ರ ಹೊರಗಿತ್ತು. ಆ ಕೈಯಲ್ಲಿ ದಬ್ಬಳ ಇತ್ತು. ಮಲಗಿದವರು ದಬ್ಬಳ ಹಿಡಿದು ಮಲಗುವುದಿಲ್ಲ ಎಂದು ಅವನಿಗೆ ಆಗಲೇ ಹೊಳೆದಿತ್ತು, ಕೊಟ್ರಬಸಪ್ಪನಿಗೂ ಹೊಳೆದಿರಬೇಕು, ಏಕೆಂದರೆ ಅವನು ಬಗ್ಗಿ ಅದನ್ನು ಬಿಡಿಸಿ ತನ್ನ ಜೇಬಿಗೆ ಹಾಕಿಕೊಂಡ. ಸಬ್‌ಇನ್‌ಸ್ಪೆಕ್ಟರ್ ಬಂದಾಗ ಸಂಘದ ಅಧ್ಯಕ್ಷರು ಕಲ್ಲೇಶಪ್ಪನವರು, ‘ಮಧ್ಯಾಹ್ನ ಚೀಲದ ಮರೆಯಾಗೆ ಮಲಗಿದ್ಲಂತೆ ಪಾಪ, ಅಲ್ಲಿ ಹೋಗಬ್ಯಾಡ್ರಿ ಅಂತ ಎಷ್ಟು ಹೇಳಿದ್ರೂ ಕೇಳಾಕಿಲ್ಲ’ ಎಂದರು. ಹೇಳಿ ಜಯದೇವಪ್ಪನ ಕಡೆ ತಿರುಗಿದರು. ಜಯದೇವಪ್ಪ ತಲೆ ಆಡಿಸಿದ. ಸಂಘಕ್ಕೆ ಜವಾಬ್ದಾರಿ ಬರದ ಹಾಗೆ ಅಲ್ಲಿಗೆ ಎಲ್ಲ ಮುಗಿದಿತ್ತು. ಆದರೆ ಊರಿಗೆ ಮುಗಿಯಲಿಲ್ಲ. ಹಾಡಹಗಲು ಚೀಲದ ಮರೆಯಲ್ಲಿ ಮಲಗಿದ್ದಳೆಂದರೆ ಒಬ್ಬಳೇ ಮಲಗಿದ್ದಳೇ ಎಂದು ನ್ಯಾಮತಿಯಲ್ಲಿ ಯಾರೋ ಕೇಳಿದರು, ಇನ್ನು ಯಾರೋ ನಕ್ಕರು, ಆಮೇಲೆ ಒಂದು ಹೆಸರನ್ನೂ ಸೇರಿಸಿದರು. ದ್ಯಾಮಮ್ಮ ಎಲ್ಲರ ಜೊತೆ ನೀರಿಗೆ ಹೋಗುವುದನ್ನು ಬಿಟ್ಟಳು ಎಂಬ ಸುದ್ದಿ ಚನ್ನಗಿರಿಯ ಆಫೀಸಿನ ತನಕ ಬಂತು. ಬೇರೆ ಹೊತ್ತಿಗೆ, ಜನವಿಲ್ಲದಾಗ ಹೋಗಿ ತರುತ್ತಾಳಂತೆ.

‘ಗಲ್ಲ ಕೊಯ್ಕೊಂಡೀರಿ’ ಎಂದರು ತಿಪ್ಪೇಶಪ್ಪನವರು. ಹೌದು ಎಂದು ಜಯದೇವಪ್ಪ ಮುಟ್ಟಿಕೊಂಡ. ಅವರು ಮುಂದೆ ಮಾತಾಡಲಿಲ್ಲ. ಅವರ ಮೌನ ಅವನಿಗೆ ಅಭ್ಯಾಸವಾಗಿತ್ತು. ಆ ಮೌನಕ್ಕೆ ಹೆದರಿಯೇ ಎಲ್ಲರೂ ಬಾಯಿ ಬಿಡುತ್ತಿದ್ದರು. ಕೊನೆಯ ಬೈಠಕ್ಕಿನ ದಿನ ಹಾಗೇ ಆಗಿತ್ತು. ಮೇಜು ತೆಗೆಸಿ ಕುರ್ಚಿಗಳನ್ನು ದುಂಡಗೆ ಹಾಕಿಸಿದ್ದರು, ಅಧ್ಯಕ್ಷರಿಗೂ ಉಳಿದವರ ಹಾಗೆಯೇ ಕೈಯಿಲ್ಲದ ಕುರ್ಚಿ. ‘ಒಬ್ಬರ ಮೇಲೊಬ್ಬರಿಗೆ ಏನೈತೋ ಮುಖ ನೋಡಿ ಹೇಳ್ರಿ. ಒಂದೇ ನಿಯಮ. ಇಲ್ಲಿ ಆಡಿದ ಮಾತು ಇಲ್ಲಿಗೇ’ ಎಂದು ತಿಪ್ಪೇಶಪ್ಪನವರು ಸುಮ್ಮನಾದರು. ಗೋಡೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿತ್ತು. ಕೊಟ್ರಬಸಪ್ಪ ಯಾವುದೋ ಸಣ್ಣ ರಜೆಯ ತಕರಾರು ಹೇಳಿದ. ಕಲ್ಲೇಶಪ್ಪನವರು ತಮಗೆ ಯಾರ ಮೇಲೂ ಏನೂ ಇಲ್ಲವೆಂದರು. ಆಮೇಲೆ ನ್ಯಾಮತಿ ಗೋದಾಮಿನ ಸೂಪರ್‌ವೈಸರ್ ಗಾದ್ರಪ್ಪ ಎದ್ದು ನಿಂತ. ಜಗಳೂರು ಕಡೆಯವನು, ಆ ದುಂಡಿನಲ್ಲಿ ಕುರ್ಚಿಯ ಅಂಚಿನ ಮೇಲೆ ಕೂತಿದ್ದವನು ಅವನೊಬ್ಬನೇ. ಕೂತೇ ಹೇಳಿ ಎಂದರೂ ಕೂರಲಿಲ್ಲ. ‘ಸಾರ್, ಗೋಡೆ ಮ್ಯಾಲೆ ಕೆಂಪು ಗೆರೆ ಎಳೆದಿರೋದು ಯಾತಕ್ಕೆ? ಅದರ ಮ್ಯಾಲೆ ಚೀಲ ಏರಿಸಬಾರ್ದು ಅಂತ. ಗೆರೆ ದಾಟೈತೆ ಸಾರ್ ಅಂತ ನಾನು ನಿಮಗೆ ಫೋನಿನಾಗೆ ಹೇಳಿದೆ. ಬೆಲೆ ಏರಾಕತ್ತೈತೆ, ಇನ್ನೊಂದು ಗೋದಾಮು ಬಾಡಿಗೆ ಹಿಡಿಯಾಕೆ ಆಗಾಕಿಲ್ಲ, ಏರಿಸು ಅಂದ್ರಿ. ಏರಿಸಿದೆ. ಹೊಲಿಯೋ ಹೆಣ್ಣುಮಕ್ಕಳನ್ನ ಅದರ ಕೆಳಗೇ ಕುಂದ್ರಿಸಿದೆ. ದುರುಗಮ್ಮ ಮಲಗಿರಲಿಲ್ಲ ಸಾರ್. ನಿಮಗೂ ಗೊತ್ತೈತೆ.’

ಆಗ ಜಯದೇವಪ್ಪನಿಗೆ ಆದದ್ದನ್ನು ಅವನು ಯಾರಿಗೂ ವಿವರಿಸಲಾರ. ಮೊದಲು ಸಿಟ್ಟು ಬಂತು, ಈ ನನ್ಮಗ ಎಂಬ ಸಿಟ್ಟು. ಬೆನ್ನಲ್ಲೇ ಆ ಸಿಟ್ಟು ಇಳಿದುಹೋಯಿತು. ‘ಹೌದು, ನಾನೇ ಹೇಳಿದ್ದು’ ಎಂದ. ಇನ್ನೊಮ್ಮೆ ಎಂದ. ದನಿ ತನ್ನದಲ್ಲವೆನ್ನಿಸಿತು. ಎದ್ದು ಹೋಗಿ ಗಾದ್ರಪ್ಪನ ಎರಡೂ ಕೈ ಹಿಡಿದುಕೊಂಡು ಭೋರೆಂದು ಅತ್ತ. ಆ ಮುದುಕಿಯ ಮನೆಗೆ ನಾನೇ ಹೋಗಿ ಹೇಳುತ್ತೇನೆ, ಊರಿನ ಎದುರು ಹೇಳುತ್ತೇನೆ ಎಂದ. ಕೊಟ್ರಬಸಪ್ಪನೂ ಅತ್ತ. ತಿಪ್ಪೇಶಪ್ಪನವರ ಕಣ್ಣಲ್ಲಿ ನೀರಿತ್ತು. ಅವತ್ತು ಸಂಘದ ಮೆಟ್ಟಿಲು ಇಳಿಯುವಾಗ ಜಯದೇವಪ್ಪನಿಗೆ ಮೈ ಹಗುರಾಗಿತ್ತು, ಹುಟ್ಟಿದಾರಭ್ಯ ಅಂಥ ಹಗುರವನ್ನು ಅವನು ಕಂಡಿರಲಿಲ್ಲ. ಹಸಿವಾಗಿತ್ತು. ಬೀದಿಯಲ್ಲಿ ಹೋಗುವ ಎಮ್ಮೆಯ ಮೇಲೂ ಪ್ರೀತಿ ಬಂದಿತ್ತು. ನಾಚಿಕೆಯ ಸಂಗತಿಯೆಂದರೆ, ಆ ಹಗುರದಲ್ಲಿ ದುರುಗಮ್ಮ ಎಲ್ಲಿಯೂ ಇರಲಿಲ್ಲ. ತಾನು ಎಷ್ಟು ಚೆನ್ನಾಗಿ ಅತ್ತೆ ಎಂಬುದೇ ಇತ್ತು.

ಮೆಟ್ಟಿಲ ಕೆಳಗೆ ಕಲ್ಲೇಶಪ್ಪನವರು ಕಲ್ಲುಬೆಂಚಿನ ಮೇಲೆ ಕೂತು, ‘ಬರ್ರಿ ಇಲ್ಲಿ’ ಎಂದು ಪಕ್ಕದಲ್ಲಿ ಜಾಗ ತೋರಿಸಿದ್ದರು. ಅವನು ಕೂತ ಕೂಡಲೇ ಹೆಗಲ ಮೇಲಿನ ಟವಲು ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದರು. ಅಡಿಕೆ ವ್ಯಾಪಾರದ ಹಳೇ ಕುಳಗಳಿಗೆ ಇದು ಗೊತ್ತು. ಕೊಳ್ಳುವವನೂ ಮಾರುವವನೂ ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ, ಬಾಯಲ್ಲಿ ಮಳೆ ಬೆಳೆ ಮದುವೆ ಮಾತಾಡುತ್ತಿರುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕಲ್ಲೇಶಪ್ಪನವರು ಅಂಗಡಿಯ ಆ ರೂಢಿಯನ್ನು ಸಂಘಕ್ಕೂ ತಂದಿದ್ದರು. ಯಾರನ್ನು ತೆಗೆಯಬೇಕು, ಯಾರನ್ನು ಮೇಲೇರಿಸಬಾರದು ಎಂಬಂಥ ಇಕ್ಕಟ್ಟಿನ ತೀರ್ಮಾನಗಳೆಲ್ಲ ಟವಲಿನ ಕೆಳಗೇ ಆಗುತ್ತಿದ್ದವು. ತೋರುಬೆರಳನ್ನು ಹಿಡಿದು ಮಡಿಸಿದರೆ ಬೇಡ ಎಂದು. ತಿರುಗಿ ಒತ್ತಿದರೆ ಒಪ್ಪಿದ ಹಾಗೆ. ಆಮೇಲೆ ಯಾರಾದರೂ ಕೇಳಿದರೆ, ನಾನು ಅಂಥ ಮಾತೇ ಆಡಿಲ್ಲ ಎಂದು ದೇವರಾಣೆ ಹಾಕಬಹುದು, ಅದು ಸುಳ್ಳೂ ಅಲ್ಲ. ‘ಹೋಗಿ ಬರ್ರಿ ಜಯದೇವಪ್ಪ, ಪಾಪ, ಮಗಳು ಹೋದ ಸಂಕಟ. ಸಮಾಧಾನ ಮಾಡಿ ಬರ್ರಿ. ಏನು ಹೇಳ್ಬೇಕು ಅನ್ನೋದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು, ನಾನು ಯಾರು ಅದನ್ನ ಹೇಳಾಕೆ?’ ಎಂದರು. ಟವಲಿನ ಕೆಳಗೆ ಅವರ ಒಣಗಿದ ಕೈ ಅವನ ತೋರುಬೆರಳನ್ನು ಹುಡುಕಿ, ಹಿಡಿದು, ನಿಧಾನವಾಗಿ ಅಂಗೈಗೆ ಮಡಿಸಿತು. ಮಡಿಸಿ ಕಾಯಿತು. ಜಯದೇವಪ್ಪನಿಗೆ ಕೆಲಸ ನೆನಪಾಯಿತು, ಸಂಘ ಕೊಟ್ಟಿದ್ದ ಮನೆ ನೆನಪಾಯಿತು, ಪೊಲೀಸರು ನೆನಪಾದರು. ಇದೆಲ್ಲ ಒಂದರ ಹಿಂದೊಂದು ಬರಲಿಲ್ಲ, ಒಂದೇ ಹೆದರಿಕೆಯಾಗಿ ಬಂತು. ಅವನು ಒತ್ತಿದ. ‘ಈ ಸಲ ಮುಂಗಾರು ಚೆನ್ನಾಗಿ ಆಗೋ ಹಂಗೈತೆ’ ಎಂದು ಕಲ್ಲೇಶಪ್ಪನವರು ಟವಲು ಕೊಡವಿ ಎದ್ದರು.

ಹೊನ್ನಾಳಿ ಇನ್ನೂ ದೂರವಿತ್ತು. ಜಯದೇವಪ್ಪ ಪಕ್ಕದಲ್ಲಿದ್ದ ತಿಪ್ಪೇಶಪ್ಪನವರಿಗೆ ತಟ್ಟನೆ, ‘ಕಲ್ಲೇಶಪ್ಪನವರು ಕೈ ಹಿಡಿದ್ರು’ ಎಂದ. ಡ್ರೈವರ್ ರೇವಣ್ಣನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದ. ತಿಪ್ಪೇಶಪ್ಪನವರ ತಂದೆ ಜಗಳೂರಿನಲ್ಲಿ ದನದ ದಲ್ಲಾಳಿಯಾಗಿದ್ದವರು, ದನದ ಬೆಲೆಯೂ ಬಟ್ಟೆಯ ಕೆಳಗೇ ಕುದುರುತ್ತಿತ್ತು. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ನೀವೇನು ಮಾಡಿದ್ರಿ?’

‘ಒತ್ತಿದೆ.’

‘ಒತ್ತಿದಾಗ ಹೆಂಗನ್ನಿಸ್ತು?’

ಜಯದೇವಪ್ಪನಿಗೆ ಪಿತ್ತ ನೆತ್ತಿಗೇರಿತು. ‘ಹೆಂಗನ್ನಿಸ್ತು ಅನ್ನೋದು ಬಿಡ್ರಿ ಸಾರ್! ಏನು ಮಾಡ್ಲಿ, ಅದನ್ನ ಹೇಳ್ರಿ. ಒಂದೇ ಒಂದು ಸಲ ನೀವು ಹೇಳ್ರಿ.’

‘ನಾನು ಹೇಳಿದ್ರೆ ಅದು ನನ್ನ ತೀರ್ಮಾನ ಆಗ್ತದೆ, ನಿಮ್ದಾಗಾಕಿಲ್ಲ.’

‘ನಿಮಗೂ ಗೊತ್ತೈತಲ್ಲ ಈಗ. ನಿಮ್ಮ ಕಿವಿಯಾರೆ ಕೇಳೀರಿ. ನೀವೇ ಹೊರಗೆ ಹೇಳಬಹುದಲ್ಲ?’

ತಿಪ್ಪೇಶಪ್ಪನವರು ತೊಡೆಯ ಮೇಲಿನ ಚೀಲದ ಹಿಡಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು. ‘ಒಳಗೆ ಆಡಿದ ಮಾತು ಒಳಗೇ ಅಂತ ನಾನೇ ಮಾತು ಕೊಟ್ಟೀನಿ. ಅದನ್ನ ನಾನೇ ಮುರಿದ್ರೆ ನಾಳೆ ಇನ್ನೊಂದು ಸಂಘದಾಗೆ ನನ್ನ ಮುಂದೆ ಯಾರು ಬಾಯಿ ಬಿಡ್ತಾರೆ?’ ಎಂದರು. ದನಿ ಎಂದಿನ ಹಾಗೆ ಸ್ಥಿರವಾಗಿರಲಿಲ್ಲ. ಅವರ ಕತ್ತಿನ ನರ ಹಾರುತ್ತಿದ್ದುದನ್ನು ಜಯದೇವಪ್ಪ ಕಂಡ. ಇವರಿಗೂ ಹೆದರಿಕೆ ಇದೆ ಎಂದು ಮೊದಲ ಸಲ ಹೊಳೆಯಿತು, ಹೊಳೆದದ್ದೇ ಒಂದು ಕೆಟ್ಟ ಸಮಾಧಾನವಾಯಿತು. ಅವರ ನಿಯಮ, ಕಲ್ಲೇಶಪ್ಪನವರ ಟವಲು, ಎರಡೂ ಅವನ ಬಾಯಿಯನ್ನು ಒಂದೇ ರೀತಿ ಮುಚ್ಚುತ್ತಿದ್ದವು. ಈ ಮಾತನ್ನು ಅವರ ಮುಖಕ್ಕೆ ಹೇಳಬೇಕೆನ್ನಿಸಿತು. ಅವರೇ ಕಲಿಸಿದ ಪ್ರಕಾರ ಹೇಳಲೇಬೇಕಾಗಿತ್ತು. ಹೊನ್ನಾಳಿಯ ಹೊಳೆ ಕಂಡಿತು, ಸೇತುವೆ ಬಂತು, ಬಸ್‌ಸ್ಟ್ಯಾಂಡ್ ಬಂತು. ತಿಪ್ಪೇಶಪ್ಪನವರು ಇಳಿದು, ಅವನ ಕೈ ಹಿಡಿದು, ‘ನಾನು ಇಷ್ಟು ಜನರ ಜೊತೆ ಕುಂತೀನಿ ಜಯದೇವಪ್ಪ. ನಿಮ್ಮಷ್ಟು ಬದಲಾದೋರನ್ನ ನಾ ನೋಡಿಲ್ಲ’ ಎಂದರು. ಅವನಿಗೆ ಖುಷಿಯಾಯಿತು. ಆ ಗಳಿಗೆಯಲ್ಲೂ ಖುಷಿಯಾಯಿತು.

ಗಾದ್ರಪ್ಪ ಬಸ್‌ಸ್ಟ್ಯಾಂಡಿನ ಹತ್ತಿರವೇ ಕಾಯುತ್ತಿದ್ದ. ಹೊನ್ನಾಳಿ ಶಾಖೆಗೆ ಬೆಳಿಗ್ಗೆ ಏನೋ ಕೆಲಸಕ್ಕೆ ಬಂದವನು ಸಾಹೇಬರ ಜೊತೆಯೇ ಹೋಗೋಣವೆಂದು ನಿಂತಿದ್ದ. ಇಸ್ತ್ರಿಯ ಅಂಗಿ ಹಾಕಿದ್ದ, ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣವಿತ್ತು. ಮುಂದೆ ಕೂರು ಎಂದರೂ ಕೇಳದೆ ತೀರಾ ಹಿಂದಿನ ಬೆಂಚಿಗೆ ಹತ್ತಿ ಕೂತು, ಜೀಪು ಹೊರಡುತ್ತಿದ್ದಂತೆ ಮುಂದಕ್ಕೆ ಬಾಗಿ ಮಾತಾಡಲು ಶುರುಮಾಡಿದ. ಅವನು ಇಷ್ಟು ಮಾತಾಡುವವನೆಂದು ಜಯದೇವಪ್ಪನಿಗೆ ಗೊತ್ತಿರಲಿಲ್ಲ. ‘ದ್ಯಾಮಮ್ಮಗೆ ಹೇಳಿ ಬಂದೀನಿ ಸಾರ್. ಏನು ಅಂತ ಬಿಡಿಸಿ ಹೇಳಿಲ್ಲ, ಮ್ಯಾನೇಜರ್ ಸಾಹೇಬ್ರು ನಿನ್ನ ಮಗಳ ಸುದ್ದಿ ಹೇಳಾಕೆ ಬರ್ತಾರೆ ಅಂದೀನಿ ಅಷ್ಟೆ. ಮನೆ ಸಾರಿಸ್ಯಾಳೆ. ಕುರ್ಚಿ ಕೇಳಿ ತಂದಾಳೆ. ನಮ್ಮ ಮನೆಯಾಕೆ ನಂಬಾಕೆ ತಯಾರಿಲ್ಲ ನೋಡ್ರಿ, ಅಂಥೋರು ಬಂದು ಒಪ್ಕೊಂತಾರಾ ಅಂತಾಳೆ.’ ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, ‘ನಂದೂ ತಪ್ಪೈತೆ ಸಾರ್. ಗೆರೆ ದಾಟಿದ್ದು ಗೊತ್ತಿದ್ದೂ ಒಳಗೆ ಕುಂದ್ರಿಸಿದೋನು ನಾನೇ. ನೀವು ಹೇಳಿದ ಮ್ಯಾಲೆ ನಾನೂ ಹೇಳ್ತೀನಿ. ಮೊದ್ಲು ನಾನು ಬಾಯಿ ತೆಗೆದ್ರೆ ಚೆನ್ನಾಗಿರಾಕಿಲ್ಲ, ದೊಡ್ಡೋರು ನೀವು ಇರೋವಾಗ. ನನ್ನ ಮಾತನ್ನ ಊರು ನಂಬೋದೂ ಇಲ್ಲ. ನಿಮ್ಮ ಬಾಯಾಗೆ ಬಂದ್ರೆ ಆಕಿ ಮತ್ತೆ ಎಲ್ಲರ ಜೊತೆ ನೀರಿಗೆ ಹೋಗ್ತಾಳೆ’ ಎಂದ. ಜಯದೇವಪ್ಪ ತಿರುಗಿ ಅವನ ಮುಖ ನೋಡಿದ, ತಡೆದ, ಪೂರ್ತಿ ಕೇಳಿದ. ಗಾದ್ರಪ್ಪ ಅದನ್ನು ಒಪ್ಪಿಗೆಯೆಂದು ತಿಳಿದು ಹಿಂದಕ್ಕೆ ಒರಗಿದ. ಹೇಳಿಬಿಡಬೇಕು, ಇವನಿಗಾದರೂ ಈಗಲೇ, ರೇವಣ್ಣ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ನ್ಯಾಮತಿಯ ಮೊದಲ ಮನೆಗಳು ಬರುವ ತನಕ ಜಯದೇವಪ್ಪ ಹೀಗೇ ಅಂದುಕೊಳ್ಳುತ್ತಿದ್ದ. ಒಂದು ಸಲ ‘ಗಾದ್ರಪ್ಪ’ ಎಂದು ಕರೆದೂ ಕರೆದ. ‘ಸಾರ್’ ಎಂದು ಅವನು ತಟ್ಟನೆ ಮುಂದೆ ಬಾಗಿದಾಗ, ‘ಹಣ್ಣು ತಂದಿದ್ದು ಒಳ್ಳೇದಾತು’ ಎಂದ.

ಮನೆ ಊರಿನ ಅಂಚಿನಲ್ಲಿತ್ತು. ಅಂಗಳದಲ್ಲಿ ನೀರು ಚಿಮುಕಿಸಿದ ವಾಸನೆ ಇನ್ನೂ ಆರಿರಲಿಲ್ಲ. ಗೋಡೆಯ ಆಚೆ ಈಚೆ ಹೆಂಗಸರು ನಿಂತಿದ್ದರು, ಜೀಪಿನ ಸದ್ದಿಗೆ ಇನ್ನೂ ಕೆಲವರು ಬಂದರು. ಒಳಗೆ ಎರಡು ಮಡಿಚುವ ಕುರ್ಚಿಗಳನ್ನು ಬಾಗಿಲಿನ ಬೆಳಕಿಗೆ ಎದುರಾಗಿ ಇಟ್ಟಿದ್ದರು. ದ್ಯಾಮಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು; ಸಣ್ಣ ಹೆಂಗಸು, ಕೈಗಳು ಮಾತ್ರ ದೊಡ್ಡವು. ಎದುರಿನವರಿಗೆ ಸಮವಾಗಿ ಕೂರಬೇಕು ಎಂದು ತಿಪ್ಪೇಶಪ್ಪನವರು ಹೇಳಿಕೊಟ್ಟದ್ದು ಜಯದೇವಪ್ಪನ ಕಾಲಿಗೇ ನೆನಪಿತ್ತೋ ಏನೋ, ಅವನು ಕುರ್ಚಿಯನ್ನು ಬಿಟ್ಟು ನೆಲದ ಮೇಲೆ, ಅವಳ ಎದುರಿಗೆ, ಕೂತುಬಿಟ್ಟ. ಹೊರಗೆ ಗುಸುಗುಸು ಎದ್ದಿತು. ‘ಅಯ್ಯೋ, ಮ್ಯಾಲೆ ಕುಂದ್ರಿ ಸ್ವಾಮಿ, ಮ್ಯಾಲೆ ಕುಂದ್ರಿ’ ಎಂದು ದ್ಯಾಮಮ್ಮ ಎದ್ದೇಬಿಟ್ಟಳು. ಅವನು ಬೇಡವೆಂದು ಅವಳ ಕೈ ಹಿಡಿದು ಕೂರಿಸಿದ. ಯಾರೋ ನೀರು ತಂದುಕೊಟ್ಟರು, ಕುಡಿದ. ಅವನ ಮನೆತನದವರು ಆ ಕೇರಿಯಲ್ಲಿ ನೀರು ಕುಡಿದದ್ದು ಯಾರ ನೆನಪಿನಲ್ಲೂ ಇರಲಿಲ್ಲ, ಗುಸುಗುಸು ಪೂರ್ತಿ ನಿಂತಿತು. ಗಾದ್ರಪ್ಪ ಹಣ್ಣಿನ ಪೊಟ್ಟಣವನ್ನು ಮೂಲೆಗಿಟ್ಟು ಬಾಗಿಲಲ್ಲಿ ಕೈಕಟ್ಟಿ ನಿಂತ, ತನ್ನ ಸರದಿ ಬರುವ ತನಕ ನಿಲ್ಲುವವನ ಹಾಗೆ.

‘ನೀವು ಏನೋ ಹೇಳಾಕೆ ಬಂದೀರಂತೆ, ಗಾದ್ರಪ್ಪ ಅಂದ’ ಎಂದಳು ದ್ಯಾಮಮ್ಮ.

ಜಯದೇವಪ್ಪ ಬಾಯಿ ತೆರೆದ. ಮಾತು ಇತ್ತು, ನಾಲಿಗೆಯ ಮೇಲೇ ಇತ್ತು. ಚೀಲ ಏರಿಸು ಅಂದೋನು ನಾನು ತಾಯಿ. ಇಷ್ಟೇ. ಇಷ್ಟು ಹೇಳಿದರೆ ಈ ಗೋಡೆಯಾಚೆ ನಿಂತವರು ಇವತ್ತು ಸಂಜೆಯೊಳಗೆ ನ್ಯಾಮತಿಗೆಲ್ಲ ಹಂಚುತ್ತಾರೆ, ನಾಳೆ ಕಲ್ಲೇಶಪ್ಪನವರಿಗೆ ಮುಟ್ಟುತ್ತದೆ. ‘ನಿಮಗೆ ಹೆಂಗನ್ನಿಸ್ತೈತೆ ತಾಯಿ? ಅದನ್ನ ಮೊದ್ಲು ಹೇಳ್ರಿ, ನಾನು ಕೇಳ್ತೀನಿ’ ಎಂದುಬಿಟ್ಟ.

ಅವಳನ್ನು ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಮೊದಲು ತಡೆತಡೆದು, ಆಮೇಲೆ ಒಂದೇ ಸಮ ಹೇಳತೊಡಗಿದಳು. ‘ಹಗಲು ಕಣ್ಣು ಮುಚ್ಚಿದೋಳಲ್ಲ ಸ್ವಾಮಿ ನನ್ನ ಮಗಳು. ಜ್ವರ ಬಂದಾಗ್ಲೂ ಕುಂತೇ ಇರಾಕಿ. ಅಪ್ಪ ಹೋದ ಮ್ಯಾಲೆ ಮನೆ ನಡೆಸಿದೋಳು ಅವಳೇ. ಹೊಲಿದು ಹೊಲಿದು ಬೆರಳು ಹೆಂಗಾಗಿದ್ವು ಅಂತೀರಿ, ಅನ್ನ ಕಲಸಾಕೆ ಆಗ್ತಿರಲಿಲ್ಲ, ನಾನೇ ಕಲಸಿ ಕೊಡ್ತಿದ್ದೆ. ಮಲಗಿದ್ಲು ಅಂತಾರೆ. ಮರೆಯಾಗೆ ಮಲಗಿದ್ಲು ಅಂತಾರೆ. ಯಾರ ಜೊತೆ ಅಂತ ಕೇಳ್ತಾರೆ ಸ್ವಾಮಿ, ನನ್ನ ಮುಖಕ್ಕೇ ಕೇಳ್ತಾರೆ. ಸತ್ತೋಳನ್ನ ಮತ್ತೆ ಮತ್ತೆ ಎತ್ತಿ ಆಡ್ತಾರೆ. ನೀವು ಹೇಳ್ರಿ, ನಿಮಗೆ ಗೊತ್ತಿರ್ತೈತೆ, ಮಲಗಿದ್ಲಾ ಅವಳು?’

ಪ್ರಶ್ನೆ ಅಲ್ಲಿಯೇ ನಿಂತಿತ್ತು, ಅವನ ಮೊಣಕಾಲಿಗೂ ಅವಳ ಮೊಣಕಾಲಿಗೂ ನಡುವೆ ಇದ್ದ ಆ ಒಂದು ಗೇಣು ನೆಲದ ಮೇಲೆ. ಒಂದು ಉಸಿರಿನಷ್ಟು ತಡೆಯಬೇಕು. ಅವನು ತಡೆದ. ಉಸಿರು ಹೋಯಿತು, ಇನ್ನೊಂದು ಬಂತು. ಬೆರಳುಗಳ ಸುದ್ದಿ ಕೇಳಿದಾಗಲೇ ಅವನಿಗೆ ಅಳು ಬಂದಿತ್ತು. ನಾಟಕದ ಅಳುವಲ್ಲ, ಇವತ್ತು ತನ್ನ ಅಳುವನ್ನು ಮೆಚ್ಚಿಕೊಳ್ಳುವ ಎಚ್ಚರವೂ ಅವನಿಗೆ ಇರಲಿಲ್ಲ. ದಬ್ಬಳ ಹಿಡಿದಿದ್ದ ಆ ಕೈ ಕಣ್ಣ ಮುಂದೆ ಬಂತು, ಆ ಕೈಗೆ ಅನ್ನ ಕಲಸಲು ಬರುತ್ತಿರಲಿಲ್ಲವೆಂಬುದು ಈಗ ಗೊತ್ತಾಯಿತು. ಇಲ್ಲ ಎಂಬ ಎರಡಕ್ಷರ ಗಂಟಲಿನಲ್ಲಿ ಅಳುವಿನ ಜೊತೆಗೇ ಸಿಕ್ಕಿಕೊಂಡಿತ್ತು, ಅಳು ಹೊರಬಂತು, ಅದು ಬರಲಿಲ್ಲ. ಬಾಗಿಲಿನಲ್ಲಿ ಗಾದ್ರಪ್ಪ ಕಟ್ಟಿದ ಕೈ ಬಿಚ್ಚಿದ.

ದ್ಯಾಮಮ್ಮ ಅವನನ್ನೇ ನೋಡುತ್ತಿದ್ದಳು. ಅಷ್ಟು ದೊಡ್ಡ ಮನುಷ್ಯ, ಸಾರಿಸಿದ ನೆಲದ ಮೇಲೆ ಬಿಳಿ ಪ್ಯಾಂಟು ಕೊಳೆಯಾಗುವ ಹಾಗೆ ಕೂತು, ತನ್ನ ಮಗಳಿಗಾಗಿ ಅಳುತ್ತಿದ್ದ. ತಾನು ಕೇಳಿದ್ದಕ್ಕೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಅವಳ ಮುಖದಲ್ಲಿ ಗಟ್ಟಿಯಾಗಿ ಹಿಡಿದಿದ್ದ ಏನೋ ಸಡಿಲವಾಯಿತು. ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, ಆಮೇಲೆ ಕೈ ಚಾಚಿ ಅವನ ಮೊಣಕಾಲು ತಟ್ಟಿದಳು.

‘ಅಳಬ್ಯಾಡ್ರಿ ಸ್ವಾಮಿ. ನಾನು ಕೇಳಬಾರದಿತ್ತು. ನನ್ನ ಸಂಕಟಕ್ಕೆ ಹೇಳಬಾರದ್ದನ್ನ ನಿಮ್ಮ ಬಾಯಿಂದ ಹೇಳಿಸಾಕೆ ಹೊಂಟಿದ್ದೆ. ದಣಿದಿದ್ಲು. ಬೆಳಗಾಗೋದ್ರಾಗೆ ಎದ್ದು ಹೋಗಾಕಿ. ಒಂದು ಗಳಿಗೆ ಕಣ್ಣು ಮುಚ್ಚಿರಬೌದು ಬಿಡ್ರಿ.’

‘ಇಲ್ಲ ದ್ಯಾಮಮ್ಮ...’ ಎಂದ ಗಾದ್ರಪ್ಪ. ಎಂದು ಜಯದೇವಪ್ಪನ ಕಡೆ ನೋಡಿದ. ಆ ನೋಟದಲ್ಲಿ ಬೈಗುಳವಿರಲಿಲ್ಲ, ಇನ್ನೂ ಕಾಯುತ್ತಿದ್ದ.

‘ನೀನು ಸುಮ್ಕಿರಪ್ಪ’ ಎಂದಳು ದ್ಯಾಮಮ್ಮ. ‘ಅಂಥೋರು ಬಂದು ನೆಲದ ಮ್ಯಾಲೆ ಕುಂತಾರೆ. ಇನ್ನೂ ಏನು ಹೇಳಿಸ್ಬೇಕು ಅಂತೀಯ ಅವರ ಕೈಲಿ?’

ಗಾದ್ರಪ್ಪ ಬಾಗಿಲು ಬಿಟ್ಟು ಸರಿದ. ಜಯದೇವಪ್ಪ ಎದ್ದ, ಅಥವಾ ಯಾರೋ ಎಬ್ಬಿಸಿದರು. ದ್ಯಾಮಮ್ಮ ಅವನ ಕಾಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಅಂಗಳದಲ್ಲಿ ಹೆಂಗಸರು ದಾರಿ ಬಿಟ್ಟರು, ಒಬ್ಬಿಬ್ಬರು ಕೈಮುಗಿದರು. ಜೀಪಿನಲ್ಲಿ ಕೂತು ಹಿಂದೆ ತಿರುಗಿ ನೋಡಿದಾಗ ಗಾದ್ರಪ್ಪ ಬಂದಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿದ್ದ, ಅವನ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ರೇವಣ್ಣ ಗಾಡಿ ಚಾಲೂ ಮಾಡುವ ಮೊದಲು ಅವನಿಗಾಗಿ ತಡೆದ. ಆ ಸದ್ದಿಲ್ಲದ ಹೊತ್ತಿನಲ್ಲಿ ಗೋಡೆಯ ಆಚೆಯಿಂದ, ತಡವಾಗಿ ಬಂದ ಯಾವಳೋ ಒಬ್ಬಳು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

‘ಏನಂದ್ರೇ ಸಾಹೇಬ್ರು?’

‘ಮಲಗಿದ್ದು ನಿಜಾನಂತೆ ಕಣೇ’ ಎಂದಳು ಇನ್ನೊಬ್ಬಳು. ‘ಪಾಪ, ಹೇಳಾಕೆ ಆಗದೆ ಅತ್ತೇಬಿಟ್ರು. ದ್ಯಾಮಮ್ಮನೂ ಒಪ್ಕೊಂಡ್ಲು.’

ರೇವಣ್ಣ ತಿರುಗಿ, ‘ಗಾದ್ರಪ್ಪ ಬರಾಕಿಲ್ಲ ಅಂತ ಕಾಣ್ತೈತೆ ಸಾರ್, ಹೊರಡಾಣೇನ್ರಿ?’ ಎಂದು ಕೇಳಿದ.

‘ಹೂಂ, ನಡಿ’ ಎಂದ ಜಯದೇವಪ್ಪ.